ಕಾಣದ ಗಾಯಕ್ಕೆ ಕಟಕಟೆಯಲ್ಲಿ ಸಾಕ್ಷಿ

2007ರ ಅಕ್ಟೋಬರ್ 18. ಉತ್ತರ ಭಾರತದ ಒಂದು ರಸ್ತೆಯಲ್ಲಿ ಹನ್ನೆರಡು ವರ್ಷದ ಹುಡುಗಿಯೊಬ್ಬಳು ತಂದೆ ತಾಯಿಯ ಜತೆ ಟ್ರ್ಯಾಕ್ಟರಿನಲ್ಲಿ ಹೋಗುತ್ತಿದ್ದಳು. ಅಡ್ಡಾದಿಡ್ಡಿ ಬಂದ ಲಾರಿಯೊಂದು ಟ್ರ್ಯಾಕ್ಟರಿಗೆ ಬಡಿಯಿತು. ಹುಡುಗಿಯ ಜೀವ ಉಳಿಯಿತು. ಆದರೆ ಮಿದುಳಿಗೆ ಬಿದ್ದ ಪೆಟ್ಟು ವಾಸಿಯಾಗಲಿಲ್ಲ. ಚಂಡೀಗಢದ ಪಿಜಿಐ ಸಂಸ್ಥೆಯಲ್ಲಿ ಅವಳನ್ನು ಪರೀಕ್ಷಿಸಿದರು. ಆಕೆಯ ಬುದ್ಧಿಮತ್ತೆ ಅದೇ ವಯಸ್ಸಿನ ಮಕ್ಕಳ ಶೇ 20ಕ್ಕಿಂತಲೂ ಕಡಿಮೆ, ಸಾಮಾಜಿಕ ವಯಸ್ಸು ಒಂಬತ್ತು ತಿಂಗಳ ಕೂಸಿನದು ಎಂದು ವರದಿ ಬಂತು.

ಪರಿಹಾರದ ಖಟ್ಲೆ ಹನ್ನೆರಡು ವರ್ಷ ನಡೆಯಿತು. ನ್ಯಾಯಮಂಡಳಿ ಕೊಟ್ಟದ್ದು 11,08,501 ರೂಪಾಯಿ. ಹೈಕೋರ್ಟು ಅದನ್ನು 25,78,501ಕ್ಕೆ ಏರಿಸಿತು. 2020ರ ಫೆಬ್ರವರಿ 5ರಂದು ಸುಪ್ರೀಂ ಕೋರ್ಟು 62,27,000 ರೂಪಾಯಿ ಕೊಡುವಂತೆ ಆದೇಶಿಸಿತು. ಇದರಲ್ಲಿ 21,60,000 ರೂಪಾಯಿ ಬರೀ ಇಬ್ಬರು ಆರೈಕೆದಾರರ ಸಂಬಳಕ್ಕೆ. ಒಂಬತ್ತು ತಿಂಗಳ ಮಗುವನ್ನು ನೋಡಿಕೊಳ್ಳುವುದಕ್ಕೆ ಎಷ್ಟು ಜನ ಬೇಕು ಎಂಬುದು ಯಾವ ತಾಯಿಗಾದರೂ ಗೊತ್ತು. ಆ ಮಗು ದೊಡ್ಡದಾಗುತ್ತಲೇ ಹೋದರೆ, ಆದರೆ ಒಂಬತ್ತು ತಿಂಗಳು ಮಾತ್ರ ದಾಟದೇ ಹೋದರೆ ಏನು ಗತಿ ಎಂಬ ಪ್ರಶ್ನೆಗೆ ನ್ಯಾಯಾಲಯ ಲೆಕ್ಕ ಹಾಕಿ ಉತ್ತರ ಕೊಡಬೇಕಾಗಿತ್ತು.

ಮುರಿದ ಕಾಲಿಗೆ ಎಕ್ಸ್‌ರೇ ಇದೆ. ಕಳೆದುಹೋದ ಬೆರಳನ್ನು ನ್ಯಾಯಾಧೀಶರು ಕಣ್ಣಾರೆ ನೋಡಬಹುದು. ಆದರೆ ಕಳೆದುಹೋದ ನೆನಪು, ನಿಲ್ಲದ ಗಮನ, ಕೆಟ್ಟುಹೋದ ವಿವೇಚನೆ ಇವನ್ನು ಕಟಕಟೆಯಲ್ಲಿ ತೋರಿಸುವುದು ಹೇಗೆ? ಈ ಕೆಲಸಕ್ಕೆಂದೇ ಬೆಳೆದು ಬಂದ ವೃತ್ತಿ ನರಮನೋವಿಜ್ಞಾನಿಯದು. ಇಂಗ್ಲಿಷಿನಲ್ಲಿ ನ್ಯೂರೋಸೈಕಾಲಜಿಸ್ಟ್ ಎನ್ನುತ್ತಾರೆ. ಮಿದುಳಿನ ಯಾವ ಭಾಗ ಕೆಟ್ಟರೆ ಮನಸ್ಸಿನ ಯಾವ ಕೆಲಸ ನಿಲ್ಲುತ್ತದೆ ಎಂಬುದನ್ನು ಪರೀಕ್ಷೆಗಳ ಮೂಲಕ ಅಳೆಯುವವರು ಇವರು. ನ್ಯಾಯಾಲಯದ ಬಾಗಿಲು ಇವರಿಗೆ ಸುಲಭವಾಗಿ ತೆರೆಯಲಿಲ್ಲ. ಅದರ ಹಿಂದೆ ಸುಮಾರು 180 ವರ್ಷಗಳ ಕಥೆಯಿದೆ.

ಒಂದು ಗುಂಡು, ಐದು ಪ್ರಶ್ನೆ

ಕಥೆ ಆರಂಭವಾಗುವುದು ಲಂಡನ್ನಿನಲ್ಲಿ. 1843ರ ಜನವರಿ 20ರಂದು ಡೇನಿಯಲ್ ಮೆಕ್‌ನಾಟನ್ ಎಂಬಾತ ಎಡ್ವರ್ಡ್ ಡ್ರಮಂಡ್ ಎಂಬುವರಿಗೆ ಹಿಂದಿನಿಂದ ಗುಂಡು ಹಾರಿಸಿದ. ಡ್ರಮಂಡ್ ಆಗಿನ ಪ್ರಧಾನಿ ರಾಬರ್ಟ್ ಪೀಲ್ ಅವರ ಖಾಸಗಿ ಕಾರ್ಯದರ್ಶಿ. ಅವರನ್ನೇ ಪ್ರಧಾನಿ ಎಂದು ಕೊಲೆಗಾರ ತಿಳಿದಿದ್ದ ಎಂಬುದು ವಿಚಾರಣೆಯಲ್ಲಿ ಬಂದ ವಾದ. ಆಡಳಿತ ಪಕ್ಷದವರು ತನ್ನ ಬೆನ್ನು ಹತ್ತಿದ್ದಾರೆ, ಬದುಕಲು ಬಿಡುತ್ತಿಲ್ಲ ಎಂಬ ಭ್ರಮೆ ಆತನಿಗಿತ್ತು. ಐದು ದಿನಗಳ ನಂತರ ಡ್ರಮಂಡ್ ತೀರಿಕೊಂಡರು.

ವಿಚಾರಣೆಯಲ್ಲಿ ಒಂಬತ್ತು ಮಂದಿ ವೈದ್ಯರು ಸಾಕ್ಷಿ ಹೇಳಿದರು. ಎಲ್ಲರದೂ ಒಂದೇ ಮಾತು: ಈತನಿಗೆ ಬುದ್ಧಿ ಸ್ವಾಧೀನದಲ್ಲಿರಲಿಲ್ಲ. ಮೆಕ್‌ನಾಟನ್ ಖುಲಾಸೆಯಾದ; ಜೈಲಿನ ಬದಲು ಹುಚ್ಚಾಸ್ಪತ್ರೆ ಸೇರಿದ. ರಾಣಿ ವಿಕ್ಟೋರಿಯಾ ಸಿಟ್ಟಾದರು. ಪತ್ರಿಕೆಗಳು ಕೂಗಾಡಿದವು. ಕೊನೆಗೆ ಪಾರ್ಲಿಮೆಂಟಿನ ಮೇಲ್ಮನೆ ನ್ಯಾಯಾಧೀಶರ ಮುಂದೆ ಐದು ಪ್ರಶ್ನೆಗಳನ್ನಿಟ್ಟು ಉತ್ತರ ಕೇಳಿತು. ಆ ಉತ್ತರಗಳೇ ಮೆಕ್‌ನಾಟನ್ ನಿಯಮಗಳು. ತಾನು ಮಾಡುತ್ತಿರುವುದೇನು, ಅದು ತಪ್ಪೇ ಎಂಬುದು ತಿಳಿಯದಷ್ಟು ಮನೋರೋಗ ಇದ್ದವನಿಗೆ ಶಿಕ್ಷೆಯಿಲ್ಲ ಎಂಬ ತತ್ವ ಅಲ್ಲಿಂದ ಭಾರತೀಯ ದಂಡ ಸಂಹಿತೆಯ 84ನೇ ಕಲಮಿಗೆ ಬಂತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದು 22ನೇ ಕಲಮು.

ಐದು ಪ್ರಶ್ನೆಗಳಲ್ಲಿ ಕೊನೆಯದನ್ನು ಸಾಮಾನ್ಯವಾಗಿ ಯಾರೂ ನೆನೆಯುವುದಿಲ್ಲ. ಮೆಕ್‌ನಾಟನ್ ಪರವಾಗಿ ಸಾಕ್ಷಿ ಹೇಳಿದ ವೈದ್ಯರೆಲ್ಲ ಆತನನ್ನು ಪರೀಕ್ಷಿಸಿದವರಲ್ಲ. ಫೋರ್ಬ್ಸ್ ವಿನ್ಸ್‌ಲೋ ಎಂಬುವರು ಕೋರ್ಟಿನಲ್ಲಿ ಕುಳಿತು ಇತರರ ಹೇಳಿಕೆ ಕೇಳಿದ್ದಷ್ಟೆ. ಆರೋಪಿಯನ್ನು ಹಿಂದೆಂದೂ ನೋಡದ ವೈದ್ಯನ ಅಭಿಪ್ರಾಯವನ್ನು ಸಾಕ್ಷ್ಯವಾಗಿ ಕೇಳಬಹುದೇ ಎಂಬುದು ಆ ಐದನೆಯ ಪ್ರಶ್ನೆ. ಘಟನೆಯ ಬಗ್ಗೆಯೇ ವಿವಾದವಿದ್ದಾಗ ಹಾಗೆ ಕೇಳುವುದು ಸರಿಯಲ್ಲ, ನಿಜಾಂಶ ಯಾವುದೆಂದು ತೀರ್ಮಾನಿಸುವುದು ಜ್ಯೂರಿಯ ಕೆಲಸ ಎಂದು ನ್ಯಾಯಾಧೀಶರು ಉತ್ತರಿಸಿದರು. ತಜ್ಞ ಎಲ್ಲಿಯವರೆಗೆ ಮಾತಾಡಬೇಕು, ಎಲ್ಲಿ ನಿಲ್ಲಿಸಬೇಕು ಎಂಬ ಗೆರೆಯನ್ನು ಎಳೆಯುವ ಪ್ರಯತ್ನ ಅಂದೇ ಶುರುವಾಯಿತು. ಅದು ಇನ್ನೂ ಮುಗಿದಿಲ್ಲ.

ಕಬ್ಬಿಣದ ಸರಳು ಕಲಿಸಿದ ಪಾಠ

ಐದು ವರ್ಷಗಳ ನಂತರ, 1848ರ ಸೆಪ್ಟೆಂಬರ್ 13ರಂದು, ಅಮೆರಿಕದ ವರ್ಮಾಂಟ್ ರಾಜ್ಯದ ಕ್ಯಾವೆಂಡಿಷ್ ಬಳಿ ರೈಲು ದಾರಿಗಾಗಿ ಬಂಡೆ ಸಿಡಿಸುತ್ತಿದ್ದರು. ಮದ್ದು ಅಚಾನಕ್ಕಾಗಿ ಹೊತ್ತಿ, ಮೂರೂವರೆ ಅಡಿಗೂ ಉದ್ದದ ಕಬ್ಬಿಣದ ಸರಳು ಮೇಸ್ತ್ರಿ ಫಿನಿಯಸ್ ಗೇಜ್‌ನ ಕೆನ್ನೆಯಲ್ಲಿ ಹೊಕ್ಕು ನೆತ್ತಿಯಿಂದ ಹೊರಬಿತ್ತು. ಗೇಜ್ ಸಾಯಲಿಲ್ಲ. ಮಾತಾಡುತ್ತಿದ್ದ, ನಡೆಯುತ್ತಿದ್ದ. ಆದರೆ ಅವನಿಗೆ ಚಿಕಿತ್ಸೆ ಮಾಡಿದ ಡಾ. ಜಾನ್ ಹಾರ್ಲೊ 1868ರಲ್ಲಿ ಬರೆದ ಪ್ರಕಾರ, ಶಿಸ್ತಿನ ಕೆಲಸಗಾರನಾಗಿದ್ದವನು ಹಟಮಾರಿಯಾದ, ಬಾಯಿಗೆ ಬಂದಂತೆ ಬೈಯುವವನಾದ, ಯಾವ ಯೋಜನೆಯನ್ನೂ ಕೊನೆ ಮುಟ್ಟಿಸದವನಾದ. ಹಳೆಯ ಯಜಮಾನರು ಅವನಿಗೆ ಮತ್ತೆ ಮೇಸ್ತ್ರಿಯ ಕೆಲಸ ಕೊಡಲಿಲ್ಲ.

1861ರಲ್ಲಿ ಪ್ಯಾರಿಸ್ಸಿನ ಪಾಲ್ ಬ್ರೋಕ, ಮಾತು ಕಳೆದುಕೊಂಡು ಒಂದೇ ಒಂದು ಉಚ್ಚಾರದಲ್ಲಿ ಉತ್ತರಿಸುತ್ತಿದ್ದ ರೋಗಿಯೊಬ್ಬನ ಮಿದುಳನ್ನು ಅವನ ಮರಣಾನಂತರ ಪರೀಕ್ಷಿಸಿ, ಎಡಭಾಗದ ಮುಂದಿನ ಹಾಲೆಯಲ್ಲಿ ಹಾನಿಯಾಗಿರುವುದನ್ನು ತೋರಿಸಿದ. ಮನಸ್ಸಿನ ಒಂದೊಂದು ಶಕ್ತಿಗೂ ಮಿದುಳಿನಲ್ಲಿ ನೆಲೆಯಿದೆ ಎಂಬ ವಿಚಾರಕ್ಕೆ ಬಲ ಬಂತು. ನ್ಯಾಯಾಲಯದ ದೃಷ್ಟಿಯಿಂದ ನೋಡಿದರೆ ಬ್ರೋಕನ ರೋಗಿಗಿಂತ ಗೇಜ್‌ನ ಪ್ರಕರಣವೇ ಹೆಚ್ಚು ತೊಡಕಿನದು. ಮಾತು ನಿಂತರೆ ಎಲ್ಲರಿಗೂ ಗೊತ್ತಾಗುತ್ತದೆ. ಸ್ವಭಾವ ಬದಲಾದರೆ? ಅದು ಪೆಟ್ಟಿನಿಂದಲೋ, ಕುಡಿತದಿಂದಲೋ, ಮೊದಲಿನಿಂದಲೂ ಹಾಗೇ ಇತ್ತೋ ಎಂದು ಎದುರು ಪಕ್ಷದ ವಕೀಲರು ಪಾಟೀಸವಾಲು ಹಾಕಿದರೆ ಏನು ಉತ್ತರ?

ಪ್ರೊಫೆಸರರ ಮೇಲೆ ಕಾಲ್ಪನಿಕ ದಾವೆ

ಮನೋವಿಜ್ಞಾನಿಗಳು ಕೋರ್ಟಿನ ಬಾಗಿಲು ಬಡಿದದ್ದು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ. ಜರ್ಮನಿಯಿಂದ ಹಾರ್ವರ್ಡ್ ವಿಶ್ವವಿದ್ಯಾನಿಲಯಕ್ಕೆ ಬಂದಿದ್ದ ಹ್ಯೂಗೊ ಮನ್‌ಸ್ಟರ್‌ಬರ್ಗ್ 1908ರಲ್ಲಿ ಸಾಕ್ಷಿಕಟ್ಟೆಯ ಮನೋವಿಜ್ಞಾನ ಕುರಿತು ಪುಸ್ತಕ ಪ್ರಕಟಿಸಿದರು. ಅದರಲ್ಲಿ ತಮ್ಮದೇ ಮನೆಯ ಕಳ್ಳತನದ ಪ್ರಸಂಗ ಬರುತ್ತದೆ. ಕಳ್ಳರು ಬಂದದ್ದು ಹೇಗೆ, ಗಡಿಯಾರವನ್ನು ಯಾವುದರಲ್ಲಿ ಸುತ್ತಿಟ್ಟಿದ್ದರು ಎಂದೆಲ್ಲ ಪ್ರಮಾಣ ಮಾಡಿ ಹೇಳಿದ ಅವರ ಸಾಕ್ಷ್ಯದಲ್ಲಿ ಹಲವು ವಿವರಗಳು ಆಮೇಲೆ ತಪ್ಪೆಂದು ಗೊತ್ತಾಯಿತು. ಕಾಗದದಲ್ಲಿ ಸುತ್ತಿತ್ತು ಎಂದಿದ್ದ ಗಡಿಯಾರ ಮೇಜಿನ ಬಟ್ಟೆಯಲ್ಲಿ ಸುತ್ತಿತ್ತು! ಮನಸ್ಸನ್ನೇ ಅಭ್ಯಾಸ ಮಾಡಿದ ಪ್ರೊಫೆಸರರ ನೆನಪು ಹೀಗಾದರೆ ಸಾಮಾನ್ಯ ಸಾಕ್ಷಿಗಳ ಗತಿಯೇನು? ಇಷ್ಟಾದರೂ ವಕೀಲರು, ನ್ಯಾಯಾಧೀಶರು ಮನೋವಿಜ್ಞಾನಿಗಳ ನೆರವು ಪಡೆಯುತ್ತಿಲ್ಲ ಎಂದು ಅವರು ಮೂದಲಿಸಿದರು.

ವಕೀಲ ಸಮುದಾಯ ಸುಮ್ಮನಿರಲಿಲ್ಲ. ಸಾಕ್ಷ್ಯ ಕಾನೂನಿನ ಮಹಾ ಪಂಡಿತ ಜಾನ್ ಹೆನ್ರಿ ವಿಗ್‌ಮೋರ್ 1909ರಲ್ಲಿ ಒಂದು ಲೇವಡಿ ಲೇಖನ ಬರೆದರು. ಅದರಲ್ಲಿ ವಕೀಲರು ಮನ್‌ಸ್ಟರ್‌ಬರ್ಗ್ ಮೇಲೆ ಮಾನನಷ್ಟದ ದಾವೆ ಹೂಡುತ್ತಾರೆ. ಪಾಟೀಸವಾಲಿನಲ್ಲಿ ಪ್ರೊಫೆಸರರು ತತ್ತರಿಸುತ್ತಾರೆ. ನ್ಯಾಯಾಲಯದಲ್ಲಿ ಬಳಸಬಹುದಾದ ಖಚಿತ ವಿಧಾನ ಎಲ್ಲಿದೆ, ಯಾವ ಪತ್ರಿಕೆಯಲ್ಲಿ ಪ್ರಕಟವಾಗಿದೆ, ನಿಮ್ಮ ಸಹೋದ್ಯೋಗಿಗಳೇ ಒಪ್ಪಿದ್ದಾರೆಯೇ ಎಂಬ ಪ್ರಶ್ನೆಗಳಿಗೆ ಉತ್ತರವಿಲ್ಲದೆ ದಾವೆ ಸೋಲುತ್ತಾರೆ. ನಗೆಯ ಹಿಂದಿದ್ದ ಮಾತು ಗಂಭೀರ. ಮನೋವಿಜ್ಞಾನ ಸಿದ್ಧವಾದ ದಿನ ನ್ಯಾಯಾಲಯವೂ ಸಿದ್ಧವಿರುತ್ತದೆ ಎಂಬುದು ವಿಗ್‌ಮೋರ್ ಅಭಿಪ್ರಾಯ.

ಮನ್‌ಸ್ಟರ್‌ಬರ್ಗ್ ಅವರ ಶಿಷ್ಯ ವಿಲಿಯಂ ಮಾರ್ಸ್‌ಟನ್ ಆ ಮಾತನ್ನು ಪರೀಕ್ಷೆಗೇ ಒಡ್ಡಿದರು. ರಕ್ತದ ಒತ್ತಡ ಅಳೆದು ಸುಳ್ಳನ್ನು ಹಿಡಿಯುವ ವಿಧಾನ ಅವರದು. ಕೊಲೆ ಆರೋಪಿಯೊಬ್ಬ ನಿಜವನ್ನೇ ಹೇಳುತ್ತಿದ್ದಾನೆ ಎಂದು ಸಾಕ್ಷಿ ನುಡಿಯಲು ಅವರು ಸಿದ್ಧರಿದ್ದರು. 1923ರ ಫ್ರೈ ಪ್ರಕರಣದಲ್ಲಿ ವಾಷಿಂಗ್ಟನ್ನಿನ ಮೇಲ್ಮನವಿ ನ್ಯಾಯಾಲಯ ಇದನ್ನು ಒಪ್ಪಲಿಲ್ಲ. ಆಯಾ ಕ್ಷೇತ್ರದ ತಜ್ಞರಲ್ಲಿ ಸಾಮಾನ್ಯವಾಗಿ ಮಾನ್ಯವಾದ ವಿಧಾನ ಮಾತ್ರ ಸಾಕ್ಷ್ಯವಾಗಬಹುದು ಎಂದಿತು. ಇದೇ ಮಾರ್ಸ್‌ಟನ್ ಮುಂದೆ 1941ರಲ್ಲಿ 'ವಂಡರ್ ವುಮನ್' ಎಂಬ ಚಿತ್ರಕಥೆಯ ನಾಯಕಿಯನ್ನು ಸೃಷ್ಟಿಸಿದರು. ಆಕೆಯ ಕೈಯಲ್ಲಿರುವ ಹಗ್ಗಕ್ಕೆ ಸಿಕ್ಕವರು ನಿಜ ಹೇಳಲೇಬೇಕು! ಕೋರ್ಟು ಒಪ್ಪದ್ದನ್ನು ಮಕ್ಕಳು ಒಪ್ಪಿದರು.

ಯುದ್ಧಗಳ ಕೊಡುಗೆ

ನರಮನೋವಿಜ್ಞಾನ ನಿಜವಾಗಿ ಬಲಿತದ್ದು ಯುದ್ಧದ ಆಸ್ಪತ್ರೆಗಳಲ್ಲಿ. ಮೊದಲ ಮಹಾಯುದ್ಧದಲ್ಲಿ ತಲೆಗೆ ಗುಂಡು ತಗುಲಿ ಬದುಕಿದ ಸೈನಿಕರಿಗಾಗಿ ಜರ್ಮನಿಯ ಫ್ರಾಂಕ್‌ಫರ್ಟಿನಲ್ಲಿ ಕರ್ಟ್ ಗೋಲ್ಡ್‌ಸ್ಟೈನ್ ಸಂಸ್ಥೆ ನಡೆಸಿದರು. ಎರಡನೆಯ ಮಹಾಯುದ್ಧದಲ್ಲಿ ರಷ್ಯಾದ ಅಲೆಕ್ಸಾಂಡರ್ ಲೂರಿಯಾ ಉರಲ್ ಪ್ರದೇಶದ ಆಸ್ಪತ್ರೆಯಲ್ಲಿ ಇದೇ ಕೆಲಸ ಮಾಡಿದರು. 1943ರಲ್ಲಿ ಗಾಯಗೊಂಡ ಅವರ ರೋಗಿಯೊಬ್ಬ ತಾನು ಬರೆದದ್ದನ್ನು ತಾನೇ ಸರಿಯಾಗಿ ಓದಲಾರದ ಸ್ಥಿತಿಯಲ್ಲೂ ಸುಮಾರು 25 ವರ್ಷ ತನ್ನ ಕಥೆ ಬರೆಯುತ್ತ ಹೋದ. ಅಮೆರಿಕದಲ್ಲಿ ವಾರ್ಡ್ ಹಾಲ್‌ಸ್ಟೆಡ್ 1935ರಲ್ಲಿ ಷಿಕಾಗೊ ವಿಶ್ವವಿದ್ಯಾನಿಲಯದಲ್ಲಿ ಪ್ರಯೋಗಾಲಯ ತೆರೆದರು. ಅವರ ಶಿಷ್ಯ ರಾಲ್ಫ್ ರೈಟನ್ ಈ ಪರೀಕ್ಷೆಗಳನ್ನು ಒಂದು ಕಂತೆಯಾಗಿ ಹೊಂದಿಸಿ ರೋಗಿಗಳ ಮೇಲೆ ಬಳಸುವ ಕ್ರಮವನ್ನು ಬೆಳೆಸಿದರು.

ಈ ಪರೀಕ್ಷೆಗಳು ನೋಡುವುದಕ್ಕೆ ಮಕ್ಕಳಾಟದಂತಿವೆ. ಅಂಕಿಗಳನ್ನು ಒಂದೊಂದಾಗಿ ಓದುತ್ತಾರೆ. ಕೇಳಿದವರು ಅದೇ ಕ್ರಮದಲ್ಲಿ, ಆಮೇಲೆ ಹಿಂದುಮುಂದಾಗಿ ಹೇಳಬೇಕು. ಹದಿನೈದು ಪದಗಳ ಪಟ್ಟಿಯನ್ನು ಐದು ಸಲ ಓದಿ ಹೇಳುತ್ತಾರೆ. ಅರ್ಧ ಗಂಟೆ ಬಿಟ್ಟು ಎಷ್ಟು ನೆನಪಿದೆ ಎಂದು ಕೇಳುತ್ತಾರೆ. ಕಾಗದದ ಮೇಲೆ ಚದುರಿದ ಅಂಕಿ ಅಕ್ಷರಗಳನ್ನು ಸರದಿಯಂತೆ ಗೆರೆ ಎಳೆದು ಜೋಡಿಸಬೇಕು. ತೋರುಬೆರಳಿನಿಂದ ಗುಂಡಿಯನ್ನು ಎಷ್ಟು ಬೇಗ ಬಡಿಯಬಲ್ಲರು ಎಂದು ಎರಡೂ ಕೈಗಳಲ್ಲಿ ನೋಡುತ್ತಾರೆ. ಒಂದೊಂದು ಆಟವೂ ಮಿದುಳಿನ ಒಂದೊಂದು ಸಾಮರ್ಥ್ಯವನ್ನು ತಟ್ಟಿ ನೋಡುತ್ತದೆ. ಬಂದ ಅಂಕಗಳನ್ನು ಅದೇ ವಯಸ್ಸಿನ, ಅಷ್ಟೇ ಓದಿದ ಆರೋಗ್ಯವಂತರ ಅಂಕಗಳೊಂದಿಗೆ ಹೋಲಿಸಿದಾಗ ಎಲ್ಲಿ ಕುಸಿತವಿದೆ ಎಂಬ ಚಿತ್ರ ಸಿಗುತ್ತದೆ. ವಿಗ್‌ಮೋರ್ ಕೇಳಿದ್ದ ಪ್ರಕಟಿತ, ಪರಿಶೀಲಿತ ವಿಧಾನ ಹೀಗೆ ನಿಧಾನವಾಗಿ ರೂಪುಗೊಂಡಿತು.

ಬಾಗಿಲು ತೆರೆದದ್ದು 1962ರಲ್ಲಿ. ವಾಷಿಂಗ್ಟನ್ನಿನ ಜೆಂಕಿನ್ಸ್ ಪ್ರಕರಣದಲ್ಲಿ ಮೂವರು ಮನೋವಿಜ್ಞಾನಿಗಳು ಆರೋಪಿಗೆ ಮನೋರೋಗವಿತ್ತೆಂದು ಸಾಕ್ಷಿ ಹೇಳಿದ್ದರು. ಅವರು ವೈದ್ಯರಲ್ಲ, ಆದ್ದರಿಂದ ಆ ಮಾತನ್ನು ಪರಿಗಣಿಸಬೇಡಿ ಎಂದು ವಿಚಾರಣಾ ನ್ಯಾಯಾಧೀಶರು ಜ್ಯೂರಿಗೆ ಸೂಚಿಸಿದ್ದರು. ಮೇಲ್ಮನವಿ ನ್ಯಾಯಾಲಯದಲ್ಲಿ ಮನೋವೈದ್ಯರ ಸಂಘ ಒಂದು ಕಡೆ, ಮನೋವಿಜ್ಞಾನಿಗಳ ಸಂಘ ಇನ್ನೊಂದು ಕಡೆ ನಿಂತವು. ವೈದ್ಯಕೀಯ ಪದವಿ ಇಲ್ಲ ಎಂಬ ಒಂದೇ ಕಾರಣಕ್ಕೆ ಮನೋವಿಜ್ಞಾನಿಯ ಸಾಕ್ಷ್ಯವನ್ನು ತಳ್ಳಿಹಾಕುವಂತಿಲ್ಲ, ಆತನಿಗೆ ಆ ವಿಷಯದಲ್ಲಿ ನಿಜವಾದ ತಿಳಿವಳಿಕೆ ಇದೆಯೇ ಎಂಬುದೇ ಮುಖ್ಯ ಎಂದು ನ್ಯಾಯಾಲಯ ತೀರ್ಪಿತ್ತಿತು. 1993ರಲ್ಲಿ ಡಾಬರ್ಟ್ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟು, ತಜ್ಞರು ಬಳಸಿದ ವಿಧಾನವನ್ನು ಪರೀಕ್ಷಿಸಲಾಗಿದೆಯೇ, ಅದರಲ್ಲಿ ತಪ್ಪಿನ ಪ್ರಮಾಣ ಎಷ್ಟು ಎಂದು ನ್ಯಾಯಾಧೀಶರೇ ಕೇಳಬೇಕೆಂದು ಹೇಳಿ ಬಾಗಿಲಿಗೆ ಕಾವಲನ್ನೂ ಇಟ್ಟಿತು.

ನಟನೆಯೋ, ನಿಜವೋ?

ದುಡ್ಡಿನ ಪ್ರಶ್ನೆ ಬಂದಲ್ಲಿ ನಟನೆಯ ಪ್ರಶ್ನೆಯೂ ಬರುತ್ತದೆ. ನೆನಪಿಲ್ಲ ಎಂದು ಹೇಳುವುದಕ್ಕೆ ಖರ್ಚೇನೂ ಇಲ್ಲವಲ್ಲ! ಈ ವೃತ್ತಿಗೆ ದೊಡ್ಡ ಮುಜುಗರ ತಂದದ್ದು 1988ರಲ್ಲಿ ಡೇವಿಡ್ ಫೌಸ್ಟ್ ಮತ್ತು ಸಂಗಡಿಗರು ಪ್ರಕಟಿಸಿದ ಒಂದು ಅಧ್ಯಯನ. ಒಂಬತ್ತರಿಂದ ಹನ್ನೆರಡು ವರ್ಷದ ಮೂವರು ಆರೋಗ್ಯವಂತ ಮಕ್ಕಳಿಗೆ, ಪರೀಕ್ಷೆಯಲ್ಲಿ ಬೇಕೆಂದೇ ಕೆಟ್ಟದಾಗಿ ಮಾಡಿ ಎಂದು ಹೇಳಲಾಯಿತು. ಹೇಗೆ ಮಾಡಬೇಕೆಂಬ ತರಬೇತಿ ಏನೂ ಇರಲಿಲ್ಲ. ಅವರ ಅಂಕಗಳನ್ನು ನರಮನೋವಿಜ್ಞಾನಿಗಳಿಗೆ ಕಳುಹಿಸಿದಾಗ ಬಹುತೇಕ ಎಲ್ಲರೂ ಮಿದುಳಿನ ದೋಷವಿದೆ ಎಂದರು. ಇದು ನಟನೆ ಎಂದವರು ಒಬ್ಬರೂ ಇರಲಿಲ್ಲ.

ಇದಕ್ಕೆ ಉಪಾಯ ಅದಾಗಲೇ ಹುಟ್ಟಿಕೊಂಡಿತ್ತು. ಸ್ವಿಟ್ಜರ್ಲೆಂಡಿನ ಆಂದ್ರೆ ರೇ ರೂಪಿಸಿದ ಪರೀಕ್ಷೆಯಲ್ಲಿ ಹದಿನೈದು ಚಿಹ್ನೆಗಳನ್ನು ತೋರಿಸಿ, ನೆನಪಿಟ್ಟುಕೊಂಡು ಬರೆಯಲು ಹೇಳುತ್ತಾರೆ. ಹದಿನೈದೆಂದರೆ ಬಹಳ ಕಷ್ಟ ಎಂದು ಅನಿಸುತ್ತದೆ. ನೋಡಿದರೆ ಅದು ಒಂದು ಎರಡು ಮೂರು, ಎ ಬಿ ಸಿ ಎಂಬಂಥ ಸರಳ ಸಾಲುಗಳು. ಮಿದುಳಿಗೆ ಪೆಟ್ಟು ಬಿದ್ದವರೂ ಹೆಚ್ಚಿನವರು ಬರೆಯಬಲ್ಲರು. ನಟಿಸುವವನು ಮಾತ್ರ ಮೂರು ನಾಲ್ಕು ಬರೆದು ನಿಲ್ಲಿಸುತ್ತಾನೆ.

ಇದಕ್ಕಿಂತ ಜಾಣತನದ್ದು 1970ರ ದಶಕದಲ್ಲಿ ಲೊರೆನ್ ಪ್ಯಾಂಕ್ರಾಟ್ಜ್ ಮುಂತಾದವರು ಬಳಕೆಗೆ ತಂದ ತರ್ಕ. ಒಂದು ಚಿತ್ರ ತೋರಿಸಿ, ಸ್ವಲ್ಪ ಹೊತ್ತಿನ ನಂತರ ಎರಡು ಚಿತ್ರಗಳನ್ನು ಮುಂದಿಟ್ಟು, ಮೊದಲು ನೋಡಿದ್ದು ಯಾವುದು ಎಂದು ಕೇಳಿ. ಹೀಗೆ 50 ಸಲ ಕೇಳಿದರೆ, ಏನೂ ನೆನಪಿಲ್ಲದೆ ಕಣ್ಣು ಮುಚ್ಚಿ ಬೆರಳಿಟ್ಟವನಿಗೂ ಸುಮಾರು 25 ಸರಿಯುತ್ತರ ಬರಲೇಬೇಕು. ನಾಣ್ಯ ಚಿಮ್ಮಿದಂತೆ. ಯಾರಿಗಾದರೂ ಬರೀ ಹತ್ತು ಬಂದರೆ ಏನರ್ಥ? ಸರಿಯುತ್ತರ ಅವನಿಗೆ ಗೊತ್ತಿದೆ, ಗೊತ್ತಿದ್ದೇ ತಪ್ಪಿಸುತ್ತಿದ್ದಾನೆ! ಈ ತತ್ವವನ್ನು ಬಳಸಿ ಕೆನಡಾದ ಟಾಮ್ ಟಾಮ್‌ಬಾ 1996ರಲ್ಲಿ ಪ್ರಕಟಿಸಿದ 50 ಚಿತ್ರಗಳ ಪರೀಕ್ಷೆ ಬಹಳ ಪ್ರಸಿದ್ಧವಾಯಿತು.

ಆದರೆ ಈ ಆಯುಧಕ್ಕೆ ಎರಡು ಅಲಗು. ಅಂಕ ಕಡಿಮೆ ಬಂದವರೆಲ್ಲ ಮೋಸಗಾರರಲ್ಲ. ನೋವು, ನಿದ್ದೆಗೇಡು, ಖಿನ್ನತೆ, ಪರೀಕ್ಷೆಯ ಹೆದರಿಕೆ, ತೀವ್ರ ಮರೆವಿನ ಕಾಯಿಲೆ ಇವೂ ಅಂಕವನ್ನು ತಗ್ಗಿಸುತ್ತವೆ. ಮೋಸಗಾರನಿಗೆ ಪರಿಹಾರ ಸಿಕ್ಕಿದರೆ ವಿಮಾ ಕಂಪನಿಗೆ ನಷ್ಟ. ನಿಜವಾದ ರೋಗಿಗೆ ಮೋಸಗಾರನೆಂಬ ಹಣೆಪಟ್ಟಿ ಹಚ್ಚಿದರೆ ಒಂದು ಕುಟುಂಬವೇ ಬೀದಿಗೆ. ಆದ್ದರಿಂದಲೇ ಒಂದೇ ಪರೀಕ್ಷೆಯನ್ನು ನಂಬದೆ ಹಲವನ್ನು ಮಾಡಿ, ಆಸ್ಪತ್ರೆಯ ದಾಖಲೆ, ಶಾಲೆಯ ಅಂಕಪಟ್ಟಿ, ಮನೆಯವರ ಮಾತು, ಕೆಲಸದ ಸ್ಥಳದ ವರದಿ ಎಲ್ಲವನ್ನೂ ಒಟ್ಟಿಗಿಟ್ಟು ನೋಡಬೇಕೆಂಬುದು ವೃತ್ತಿಯ ನಿಯಮ.

ಇನ್ನೊಂದು ಜಗಳ ಪ್ರಶ್ನೆಪತ್ರಿಕೆಯದು. ವಕೀಲರು ಪರೀಕ್ಷೆಯ ಪ್ರಶ್ನೆ, ಉತ್ತರಗಳನ್ನು ಕೇಳುತ್ತಾರೆ. ಅವನ್ನು ನೋಡದೆ ಪಾಟೀಸವಾಲು ಹಾಕುವುದು ಹೇಗೆ ಎಂಬುದು ಅವರ ವಾದ. ಪ್ರಶ್ನೆಗಳು ಬಹಿರಂಗವಾದರೆ ಮುಂದಿನ ಕಕ್ಷಿಗಾರ ಕಲಿತುಕೊಂಡೇ ಬರುತ್ತಾನೆ ಎಂಬುದು ಮನೋವಿಜ್ಞಾನಿಗಳ ಆತಂಕ. ಎರಡೂ ನ್ಯಾಯವೇ.

ಯಾರ ಪರ ಸಾಕ್ಷಿ?

ಫೀಸು ಕೊಟ್ಟವರು ಒಂದು ಪಕ್ಷದವರು. ಹಾಗಾದರೆ ತಜ್ಞನ ನಿಷ್ಠೆ ಯಾರಿಗೆ? ಚಿಕಿತ್ಸೆ ಮಾಡುವವರು ರೋಗಿಯ ಹಿತ ನೋಡುತ್ತಾರೆ. ಅವನ ಮಾತನ್ನು ನಂಬಿಯೇ ಮುಂದುವರಿಯುತ್ತಾರೆ. ಕೋರ್ಟಿಗೆ ವರದಿ ಕೊಡುವವರು ಅದೇ ಮಾತನ್ನು ಅನುಮಾನದಿಂದ ನೋಡಬೇಕಾಗುತ್ತದೆ. ಈ ಎರಡು ಕೆಲಸಗಳನ್ನು ಒಬ್ಬರೇ ಮಾಡಬಾರದು ಎಂಬುದು ಈ ವೃತ್ತಿಯಲ್ಲಿ ಬೆಳೆದು ಬಂದ ಎಚ್ಚರಿಕೆ. ಪರೀಕ್ಷೆ ಶುರುವಾಗುವ ಮೊದಲೇ, ಇದು ಚಿಕಿತ್ಸೆಗಲ್ಲ, ಇಲ್ಲಿ ಹೇಳಿದ್ದು ಗುಟ್ಟಾಗಿ ಉಳಿಯುವುದಿಲ್ಲ ಎಂದು ಎದುರಿಗಿರುವವರಿಗೆ ತಿಳಿಸಬೇಕು.

ಇಂಗ್ಲೆಂಡಿನಲ್ಲಿ ತಜ್ಞ ಸಾಕ್ಷಿಯ ಮೇಲೆ ಆತನ ಕಕ್ಷಿಗಾರನೇ ದಾವೆ ಹೂಡುವಂತಿರಲಿಲ್ಲ. ನಾನೂರು ವರ್ಷಗಳಷ್ಟು ಹಳೆಯದೆನ್ನುವ ಈ ರಕ್ಷಣೆಯನ್ನು 2011ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ತೆಗೆದುಹಾಕಿದ್ದು ಮನೋವಿಜ್ಞಾನಿಯೊಬ್ಬರ ಪ್ರಕರಣದಲ್ಲಿಯೇ. 2001ರಲ್ಲಿ ಲಿವರ್‌ಪೂಲ್‌ನಲ್ಲಿ ಕುಡಿದ ಚಾಲಕನ ಕಾರಿಗೆ ಸಿಕ್ಕಿ ಗಾಯಗೊಂಡ ಬೈಕ್ ಸವಾರನೊಬ್ಬನ ಪರವಾಗಿ ನೇಮಕವಾಗಿದ್ದ ತಜ್ಞರು, ಎದುರು ಪಕ್ಷದ ತಜ್ಞರೊಂದಿಗೆ ಫೋನಿನಲ್ಲಿ ಚರ್ಚಿಸಿದ ನಂತರ, ತಮ್ಮ ಕಕ್ಷಿಗಾರನಿಗೇ ಮಾರಕವಾದ ಜಂಟಿ ಹೇಳಿಕೆಗೆ ಸಹಿ ಹಾಕಿದ್ದರು. ಆ ಹೇಳಿಕೆ ತಮ್ಮ ನಿಜವಾದ ಅಭಿಪ್ರಾಯವಲ್ಲ ಎಂದು ಆಮೇಲೆ ಒಪ್ಪಿಕೊಂಡರು. ದಾವೆ ಕಡಿಮೆ ಮೊತ್ತಕ್ಕೆ ರಾಜಿಯಾಯಿತು. ಏಳು ನ್ಯಾಯಮೂರ್ತಿಗಳಲ್ಲಿ ಐವರು, ತಜ್ಞರಾದರೂ ಅಜಾಗರೂಕತೆಗೆ ಉತ್ತರ ಕೊಡಲೇಬೇಕು ಎಂದರು. ಹಾಗೆಂದು ಕಕ್ಷಿಗಾರನಿಗೆ ಬೇಕಾದ್ದನ್ನೇ ಹೇಳಬೇಕೆಂದಲ್ಲ. ತಜ್ಞನ ಮೊದಲ ಕರ್ತವ್ಯ ನ್ಯಾಯಾಲಯಕ್ಕೆ ಎಂಬುದು ಉಳಿದೇ ಇದೆ.

ಯಾರೊಂದಿಗೆ ಹೋಲಿಕೆ?

ಅಂಕ ತಾನಾಗಿ ಏನೂ ಹೇಳುವುದಿಲ್ಲ. ಯಾರೊಂದಿಗೆ ಹೋಲಿಸುತ್ತೇವೆ ಎಂಬುದರ ಮೇಲೆ ತೀರ್ಪು ನಿಂತಿರುತ್ತದೆ. ಇದು ಬಯಲಾದದ್ದು ಅಮೆರಿಕದ ವೃತ್ತಿಪರ ಫುಟ್‌ಬಾಲಿನಲ್ಲಿ. ತಲೆಗೆ ಮತ್ತೆ ಮತ್ತೆ ಪೆಟ್ಟು ತಿಂದ ಮಾಜಿ ಆಟಗಾರರಿಗೆ ಪರಿಹಾರ ಕೊಡುವ ಒಪ್ಪಂದಕ್ಕೆ 2015ರಲ್ಲಿ ನ್ಯಾಯಾಲಯದ ಒಪ್ಪಿಗೆ ಸಿಕ್ಕಿತ್ತು. ಮಿದುಳಿನ ಶಕ್ತಿ ಎಷ್ಟು ಕುಸಿದಿದೆ ಎಂದು ಲೆಕ್ಕ ಹಾಕುವಾಗ ಕರಿಯ ಆಟಗಾರರಿಗೆ ಬೇರೆ ಮಾನದಂಡ ಬಳಸಲಾಗುತ್ತಿತ್ತು. ಅವರ ಮೂಲ ಸಾಮರ್ಥ್ಯವೇ ಕಡಿಮೆ ಎಂದು ಆ ಮಾನದಂಡ ಹಿಡಿದುಕೊಂಡಿತ್ತು. ಹೀಗಾಗಿ ಅಷ್ಟೇ ಅಂಕ ಪಡೆದ ಬಿಳಿಯ ಆಟಗಾರನಿಗೆ ಪರಿಹಾರ, ಕರಿಯ ಆಟಗಾರನಿಗೆ ಇಲ್ಲ! 2020ರಲ್ಲಿ ಇಬ್ಬರು ಮಾಜಿ ಆಟಗಾರರು ದಾವೆ ಹೂಡಿದರು. 2021ರಲ್ಲಿ ಲೀಗ್ ಈ ಪದ್ಧತಿಯನ್ನು ಕೈಬಿಡುವುದಾಗಿ ಹೇಳಿತು. 2022ರಲ್ಲಿ ಬದಲಾದ ಒಪ್ಪಂದಕ್ಕೆ ನ್ಯಾಯಾಲಯ ಒಪ್ಪಿತು.

ನಮ್ಮ ದೇಶದಲ್ಲಿ ಈ ಪ್ರಶ್ನೆ ಇನ್ನೂ ಹರಿತ. ಶಾಲೆಯ ಮೆಟ್ಟಿಲು ಹತ್ತದ ರೈತನಿಗೆ ಅಂಕಿ ಅಕ್ಷರ ಜೋಡಿಸುವ ಪರೀಕ್ಷೆ ಕೊಟ್ಟರೆ ಅವನು ಸೋಲುವುದು ಮಿದುಳಿನ ಪೆಟ್ಟಿನಿಂದಲೋ, ಅಕ್ಷರ ಬಾರದ್ದರಿಂದಲೋ? ಕನ್ನಡಿಗರಿಗೆ ಇದು ಹೊಸ ಸಮಸ್ಯೆಯೇನೂ ಅಲ್ಲ. ಫ್ರಾನ್ಸಿನ ಬಿನೆ ರೂಪಿಸಿದ ಬುದ್ಧಿಮತ್ತೆ ಪರೀಕ್ಷೆಯನ್ನು ಕನ್ನಡ ಮತ್ತು ಮರಾಠಿ ಮಾತಾಡುವ ಮಕ್ಕಳಿಗೆ ಒಗ್ಗಿಸಿ ವಿ.ವಿ. ಕಾಮತ್ 1934ರಲ್ಲೇ ಪ್ರಕಟಿಸಿದ್ದರು. ಬಿನೆ-ಕಾಮತ್ ಪರೀಕ್ಷೆ ಎಂಬ ಹೆಸರಿನಲ್ಲಿ ಅದು ಅನೇಕ ದಶಕ ದೇಶದ ಆಸ್ಪತ್ರೆಗಳಲ್ಲಿ ಬಳಕೆಯಾಯಿತು.

ಬೆಂಗಳೂರಿನಲ್ಲಿ 1954ರಲ್ಲಿ ಆರಂಭವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ, ಮರುವರ್ಷವೇ ವೈದ್ಯಕೀಯ ಮನೋವಿಜ್ಞಾನದ ಡಿಪ್ಲೊಮಾ ತರಗತಿ ತೆರೆಯಿತು. ಆ ಸಂಸ್ಥೆಯೇ 1974ರಲ್ಲಿ ನಿಮ್ಹಾನ್ಸ್ ಆಯಿತು. 2004ರಲ್ಲಿ ಶೋಭಿನಿ ರಾವ್, ಡಿ.ಕೆ. ಸುಬ್ಬಕೃಷ್ಣ, ಕೆ. ಗೋಪುಕುಮಾರ್ ಸಿದ್ಧಪಡಿಸಿದ ನಿಮ್ಹಾನ್ಸ್ ಪರೀಕ್ಷಾ ಮಾಲೆ ಪ್ರಕಟವಾಯಿತು. ಅದರಲ್ಲಿ ವಯಸ್ಸು, ಲಿಂಗ, ಓದಿನ ಮಟ್ಟ ಇವುಗಳಿಗೆ ತಕ್ಕಂತೆ ಭಾರತೀಯರ ಅಂಕಗಳ ಮಾನದಂಡವಿದೆ. ಅನಕ್ಷರಸ್ಥರಿಗೂ ಪ್ರತ್ಯೇಕ ಲೆಕ್ಕವಿದೆ. ಅಕ್ಷರಗಳ ಬದಲು ಬಣ್ಣದ ವೃತ್ತಗಳನ್ನು ಜೋಡಿಸುವ ಪರೀಕ್ಷೆಯನ್ನು ಅದರಲ್ಲಿ ಅಳವಡಿಸಲಾಯಿತು. ಮುಂದೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮರೆವಿನ ಕಾಯಿಲೆಗಾಗಿ ಕನ್ನಡವೂ ಸೇರಿ ಐದು ಭಾಷೆಗಳಲ್ಲಿ ಪರೀಕ್ಷೆಗಳನ್ನು ರೂಪಿಸಿತು.

ಎರಡು ತೀರ್ಪು, ಒಂದೇ ವರ್ಷ

ಭಾರತದ ಕಾನೂನಿನಲ್ಲಿ ತಜ್ಞರ ಅಭಿಪ್ರಾಯಕ್ಕೆ 1872ರ ಸಾಕ್ಷ್ಯ ಅಧಿನಿಯಮದ 45ನೇ ಕಲಮು ಆಧಾರವಾಗಿತ್ತು. ಈಗ ಭಾರತೀಯ ಸಾಕ್ಷ್ಯ ಅಧಿನಿಯಮದ 39ನೇ ಕಲಮು ಆ ಜಾಗದಲ್ಲಿದೆ. ತಜ್ಞರ ಮಾತು ಅಭಿಪ್ರಾಯವಷ್ಟೆ, ತೀರ್ಪು ಕೊಡುವವರು ನ್ಯಾಯಾಧೀಶರು. ಈ ಸಂಬಂಧವನ್ನು ಸ್ಪಷ್ಟಪಡಿಸಿದ ಎರಡು ತೀರ್ಪುಗಳು ಬಂದದ್ದು 2010ರಲ್ಲಿ.

ಮೊದಲನೆಯದಕ್ಕೆ ಹಿನ್ನೆಲೆ ಮಿದುಳಿನ ವಿದ್ಯುತ್ ಅಲೆಗಳಿಂದ ಅಪರಾಧ ಪತ್ತೆ ಮಾಡುವ ಉತ್ಸಾಹ. ನಿಮ್ಹಾನ್ಸ್‌ನಲ್ಲಿ ಕ್ಲಿನಿಕಲ್ ಸೈಕಾಲಜಿ ವಿಭಾಗದ ಮುಖ್ಯಸ್ಥರಾಗಿದ್ದ ಸಿ.ಆರ್. ಮುಕುಂದನ್ ಅಂಥ ಒಂದು ವಿಧಾನವನ್ನು ರೂಪಿಸಿದ್ದರು. 2008ರ ಜೂನ್‌ನಲ್ಲಿ ಪುಣೆಯ ನ್ಯಾಯಾಲಯವೊಂದು ಕೊಲೆ ಪ್ರಕರಣದಲ್ಲಿ ಈ ಪರೀಕ್ಷೆಯ ಫಲಿತಾಂಶವನ್ನೂ ಆಧಾರವಾಗಿಟ್ಟುಕೊಂಡು ಶಿಕ್ಷೆ ವಿಧಿಸಿದಾಗ ಜಗತ್ತಿನ ವಿಜ್ಞಾನಿಗಳು ಹುಬ್ಬೇರಿಸಿದರು. ಅದೇ ವರ್ಷ ನಿಮ್ಹಾನ್ಸ್ ನಿರ್ದೇಶಕರ ನೇತೃತ್ವದ ಸಮಿತಿ ಇದಕ್ಕೆ ಸಾಕಷ್ಟು ವೈಜ್ಞಾನಿಕ ಆಧಾರವಿಲ್ಲ ಎಂದಿತು. 2010ರ ಮೇ 5ರಂದು 'ಸೆಲ್ವಿ ವಿರುದ್ಧ ಕರ್ನಾಟ‌ಕ ರಾಜ್ಯ' ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಮಂಪರು ಪರೀಕ್ಷೆ, ಸುಳ್ಳು ಪತ್ತೆ ಯಂತ್ರ, ಮಿದುಳಿನ ಅಲೆ ಪರೀಕ್ಷೆ ಇವನ್ನು ವ್ಯಕ್ತಿಯ ಒಪ್ಪಿಗೆಯಿಲ್ಲದೆ ಮಾಡುವಂತಿಲ್ಲ ಎಂದು ಸಾರಿತು. ಮಾರ್ಸ್‌ಟನ್ ಅವರ ಕನಸು ಭಾರತದಲ್ಲೂ ಮಿತಿಗೊಳಗಾಯಿತು.

ಅದೇ ಪೀಠದಲ್ಲಿದ್ದ, ಹಿಂದೆ ಕರ್ನಾಟಕ ಹೈಕೋರ್ಟಿನಲ್ಲಿದ್ದ ನ್ಯಾಯಮೂರ್ತಿ ಆರ್.ವಿ. ರವೀಂದ್ರನ್, ಆ ವರ್ಷದ ಅಕ್ಟೋಬರಿನಲ್ಲಿ ಎರಡನೆಯ ತೀರ್ಪನ್ನು ಬರೆದರು. ಅದು ರಸ್ತೆ ಅಪಘಾತದ ಪರಿಹಾರದ್ದು. ಅಂಗವೈಕಲ್ಯ ಶೇಕಡ ಎಷ್ಟು ಎಂದು ವೈದ್ಯರು ಹೇಳಿದ್ದನ್ನೇ ದುಡಿಮೆಯ ನಷ್ಟವೆಂದು ತಿಳಿಯಬಾರದು ಎಂದು ಅವರು ವಿವರಿಸಿದರು. ಎಡಗೈ ಹೋದ ಚಾಲಕ ಅಥವಾ ಬಡಗಿಗೆ ನಷ್ಟ ಪೂರ್ತಿ ಎನ್ನುವಷ್ಟಿರಬಹುದು. ಕೈ ಹೋದ ಗುಮಾಸ್ತನ ಕೆಲಸ ಉಳಿಯಬಹುದು. ಆ ವ್ಯಕ್ತಿ ಏನು ಕೆಲಸ ಮಾಡುತ್ತಿದ್ದ, ಇನ್ನು ಏನು ಮಾಡಬಲ್ಲ ಎಂದು ನ್ಯಾಯಮಂಡಳಿ ಕೇಳಬೇಕು.

ನರಮನೋವಿಜ್ಞಾನಿಯ ಸಾಕ್ಷ್ಯಕ್ಕೆ ಬೆಲೆ ಬರುವುದು ಇಲ್ಲಿಯೇ. ಬೈಕಿನಿಂದ ಬಿದ್ದು ತಲೆಗೆ ಪೆಟ್ಟಾದ ಅಂಗಡಿಯವನ ಸ್ಕ್ಯಾನಿಂಗ್ ಚಿತ್ರ ಚೆನ್ನಾಗಿಯೇ ಇರಬಹುದು. ಕೈಕಾಲು ಸರಿಯಿವೆ. ಆದರೆ ಸಾಲ ಕೊಟ್ಟದ್ದು ಯಾರಿಗೆ ಎಂದು ನೆನಪಿಲ್ಲ, ಎರಡು ಕೆಲಸ ಒಟ್ಟಿಗೆ ಮಾಡಲಾರ, ಗಿರಾಕಿಗಳ ಮೇಲೆ ರೇಗುತ್ತಾನೆ. ವೈಕಲ್ಯದ ಪ್ರಮಾಣಪತ್ರದಲ್ಲಿ ಇದಕ್ಕೆ ಅಂಕಣ ಸಿಗುವುದು ಕಷ್ಟ. ಮನೆಯವರಿಗೆ ಮಾತ್ರ ಗೊತ್ತು, ಆಸ್ಪತ್ರೆಯಿಂದ ಮರಳಿದವನು ಹೋದವನಲ್ಲ ಎಂದು. ಗೇಜ್‌ನ ಯಜಮಾನರಿಗೆ ಗೊತ್ತಾಗಿದ್ದೂ ಇದೇ. ಆ ಅರಿವನ್ನು ಅಳತೆಗೆ ತಂದು, ಪಾಟೀಸವಾಲಿಗೆ ಒಡ್ಡಿ, ನ್ಯಾಯಾಧೀಶರ ಮುಂದಿಡುವುದೇ ಈ ವೃತ್ತಿಯ ಸಾರ.

ಟ್ರ್ಯಾಕ್ಟರಿನಲ್ಲಿ ಹೋಗುತ್ತಿದ್ದ ಆ ಹುಡುಗಿ ಕಟಕಟೆಗೆ ಬಂದು ತನಗೇನಾಯಿತೆಂದು ಹೇಳುವ ಸ್ಥಿತಿಯಲ್ಲಿರಲಿಲ್ಲ. ಅವಳ ಪರವಾಗಿ ಮಾತಾಡಿದ್ದು ಪರೀಕ್ಷೆಯ ವರದಿ. ಆದರೆ 2007ರಲ್ಲಿ ಹನ್ನೆರಡಾಗಿದ್ದ ಅವಳಿಗೆ ಸುಪ್ರೀಂ ಕೋರ್ಟಿನ ತೀರ್ಪು ಬರುವ ಹೊತ್ತಿಗೆ ಇಪ್ಪತ್ತನಾಲ್ಕು. ಗಾಯವನ್ನು ಅಳೆಯುವ ವಿದ್ಯೆ ಬೆಳೆದಿದೆ. ಅದಕ್ಕೆ ಉತ್ತರ ಕೊಡಲು ಹನ್ನೆರಡು ವರ್ಷ ಬೇಕೇ ಎಂಬ ಪ್ರಶ್ನೆಗೆ ಉತ್ತರ ಯಾವ ಪರೀಕ್ಷೆಯಲ್ಲೂ ಇಲ್ಲ.